ನಾಲ್ಕನೇ ಮೆಟ್ಟಿಲಿನ ಕೆಂಪು ಬರಹ

ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ರೈಲು ನಿಂತದ್ದು ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ವೈಜನಾಥ ಒಂದು ಹೊಸ ಕಂಪ್ಯೂಟರ್ ಭಾಷೆಯನ್ನು ಮೊದಲಿನಿಂದ ಕೊನೆಯವರೆಗೆ ಕಲಿತು, ಅದರಲ್ಲಿ ಇಡೀ ವಿಮಾನ ನಿಲ್ದಾಣವೊಂದನ್ನು ನಡೆಸಬಲ್ಲ ಪ್ರೋಗ್ರಾಮ್ ಬರೆದು, ಮಿಕ್ಕ ಇಪ್ಪತ್ತು ಸೆಕೆಂಡಿನಲ್ಲಿ ಒಂದು ವಡಾಪಾವ್ ತಿಂದು, ಮೆಣಸಿನಕಾಯಿ ಕಚ್ಚಿಕೊಂಡೇ ಅದೇ ರೈಲು ಹತ್ತಿದ. ಇದಕ್ಕೆ ಸಾಕ್ಷಿಯೂ ಇದೆ. ವಡಾಪಾವ್ ಮಾರಿದವನನ್ನು ಕೇಳಬಹುದು. ಅವನ ಹೆಸರು, ವಿಳಾಸ ಮಾತ್ರ ಕೇಳಬಾರದು.

ಈ ಸಂಗತಿ ಹೊರಟದ್ದು ವೈಜನಾಥನ ಬಾಯಿಂದಲೇ. ಬಂಧುಗಳ ಮದುವೆ, ಸೀಮಂತ, ಗೃಹಪ್ರವೇಶಗಳನ್ನೆಲ್ಲ ಸುತ್ತಿ, ಹೋದಲ್ಲೆಲ್ಲ ಉಂಡು ಮೈ ತುಂಬಿಕೊಂಡಿತ್ತು. ಮೊದಮೊದಲು ಆ ರೈಲು ಅರ್ಧ ಗಂಟೆ ನಿಲ್ಲುತ್ತಿತ್ತು. ವರ್ಷ ಕಳೆದಂತೆ ರೈಲ್ವೆಯವರು ಚುರುಕಾದರು.

ವೈಜನಾಥನ ತಂದೆ ಭಾಲ್ಕಿ ಕಡೆಯಿಂದ ನಾಸಿಕ್ ರೋಡಿನ ನೋಟು ಅಚ್ಚು ಹಾಕುವ ಪ್ರೆಸ್ಸಿಗೆ ನೌಕರಿಗೆ ಬಂದವರು. ಮಗ ಮರಾಠಿ ಶಾಲೆಯಲ್ಲಿ ಓದಿ, ವೆಬ್‌ಸೈಟು ಬರೆಯುವ ಕಂಪನಿ ಸೇರಿ ಹನ್ನೊಂದು ವರ್ಷವಾಗಿತ್ತು. ಆ ಹನ್ನೊಂದು ವರ್ಷದಲ್ಲಿ ಅವನು ಕಲಿತು ಬಿಟ್ಟ ವಿದ್ಯೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಪಾಂಡವಲೇಣಿಯ ಗುಡ್ಡ ಅದರ ಮುಂದೆ ಇಲಿಯ ಬಿಲದಷ್ಟು ಕಾಣುತ್ತಿತ್ತು. ಒಂದನ್ನು ಕಲಿತು ಕೈ ಹದಕ್ಕೆ ಬರುವಷ್ಟರಲ್ಲಿ ಅದು ಹಳತು. ಇನ್ನೊಂದು. ಅದೂ ಹಳತು. ತಲೆಯಲ್ಲಿ ಜಾಗ ಸಾಲದೆ ಮಗಳು ಯಾವ ತರಗತಿಯ ಯಾವ ಸೆಕ್ಷನ್ನಿನಲ್ಲಿದ್ದಾಳೆಂಬುದು ಉದುರಿಹೋಗಿತ್ತು. ಐದು ವರ್ಷದ ಹಿಂದೆ ಸತ್ತುಹೋದ ಫ್ರೇಮ್‌ವರ್ಕೊಂದರ ಆಜ್ಞೆಗಳು ಮಾತ್ರ ಶ್ಲೋಕದಂತೆ ಬಾಯಿಗೆ ಬರುತ್ತಿದ್ದವು.

ಆ ಶನಿವಾರ ಕಂಪನಿಯವರು ಎಲ್ಲರನ್ನೂ ಕೂರಿಸಿ ಹೇಳಿದರು: ಮುಂದಿನ ತಿಂಗಳಿಂದ ಎಲ್ಲ ಕೆಲಸವೂ ಹೊಸ ಕಂಪ್ಯೂಟರ್ ಭಾಷೆಯಲ್ಲಿ. ಮೂರು ತಿಂಗಳು ಅವಕಾಶ, ಆಮೇಲೆ ಪರೀಕ್ಷೆ. ಪಾಸಾಗದವರು ಬೇರೆ ದಾರಿ ನೋಡಿಕೊಳ್ಳಬೇಕು. ವೈಜನಾಥನ ಪಾಲಿಗೆ ಇದು ಐದನೆಯದು.

ಮರುದಿನ ಬೆಳಿಗ್ಗೆ ಅವನು ಚಹಾದ ಬಟ್ಟಲು ಹಿಡಿದು ಕಿಟಕಿಯ ಬಳಿ ನಿಂತವನು ನಿಂತೇ ಇದ್ದ. ಚಹಾ ಆರಿ ಕೆನೆ ಕಟ್ಟಿತು.

"ಕಲೀಲಿಕ್ಕೆ ಎರಡು ನಿಮಿಷ ಸಾಕಲ್ಲ ನಿಮಗ," ಎಂದಳು ಹೆಂಡತಿ ಭಾಗ್ಯಶ್ರೀ. "ವಡಾಪಾವ್ ತಂದುಕೊಡ್ಲೇನು?"

"ಚೇಷ್ಟಾ ಬ್ಯಾಡ. ಈ ಸರ್ತಿ ತಲ್ಯಾಗ ಇಳೀವಲ್ದು."

ಅವಳು ನಗು ನಿಲ್ಲಿಸಿದಳು. ಗಂಡನ ಬಾಯಿಂದ 'ಆಗುವುದಿಲ್ಲ' ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

"ಯೇವಲಾದ ನೇಕಾರನಿಗೆ ಎರಡು ವರ್ಷಕ್ಕೊಮ್ಮೆ ಮಗ್ಗ ಬದಲಿಸು ಅಂತ ಯಾರರೆ ಹೇಳ್ತಾರೇನು?" ಎಂದಳು. "ಒಮ್ಮೆ ಕಲ್ತ್ರ ಜೀವಮಾನ ಪೂರ್ತಿ ಪೈಠಣಿ ಸೀರಿ ನೇಯ್ತಾನ. ನಿಮ್ಮ ಕಂಪ್ಯೂಟರಿನಾಗ ಅಂಥಾದ್ದು ಏನೂ ಇಲ್ಲೇನು?"

ಇತ್ತು. ಅದು ಸಂಭಾಜಿನಗರದಲ್ಲಿ ಭಾಗ್ಯಶ್ರೀಯ ತವರಿನ ಓಣಿಯಲ್ಲೇ ಇತ್ತು, ಸಾಯಬಣ್ಣನ ಕೈಯಲ್ಲಿ.

ಸಾಯಬಣ್ಣ ಆಳಂದದ ಕಡೆಯವರು. ಸಂಭಾಜಿನಗರದ ಅಂಚಿನ ಚಿಕಲಠಾಣಾದಲ್ಲಿ ಔಷಧದ ಬಾಟಲಿ ತುಂಬುವ ಕಾರ್ಖಾನೆಯೊಂದಕ್ಕೆ ಪಾಯ ತೋಡಲು ಗುದ್ದಲಿ ಹಿಡಿದು ಬಂದರು. ಕಟ್ಟಡ ಎದ್ದ ಮೇಲೆ ಎಲೆಕ್ಟ್ರಿಷಿಯನ್ನಿನ ಜೊತೆ ತಂತಿ ಎಳೆಯಲು ಉಳಿದುಕೊಂಡರು. ಇಪ್ಪತ್ತೆಂಟು ವರ್ಷದ ಹಿಂದೆ ಯಂತ್ರಗಳ ಜೊತೆ ಬಂದ ಎಂಜಿನಿಯರೊಬ್ಬರು ಅವರಿಗೆ ಲ್ಯಾಡರ್ ಕಲಿಸಿ ಹೋದರು. ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಮಿಗೆ ಆ ಹೆಸರು; ನೋಡಲು ಥೇಟು ನಿಚ್ಚಣಿಕೆಯೇ. ಎರಡು ಉದ್ದ ಗೆರೆ, ನಡುವೆ ಮೆಟ್ಟಿಲು. ಪ್ರತಿ ಮೆಟ್ಟಿಲಿನ ಮೇಲೆ ಕೆಲವು ಬಾಗಿಲು. ಬಾಗಿಲೆಲ್ಲ ತೆರೆದಿದ್ದರೆ ಬಲತುದಿಯ ಮೋಟಾರು ತಿರುಗುತ್ತದೆ, ಒಂದು ಮುಚ್ಚಿದರೂ ನಿಲ್ಲುತ್ತದೆ. ಅಂದು ಕಲಿತದ್ದರಿಂದಲೇ ಸಾಯಬಣ್ಣ ಇಂದಿಗೂ ಅನ್ನ ಉಣ್ಣುತ್ತಿದ್ದರು. ಅದರಲ್ಲಿ ಒಂದು ಗೆರೆಯೂ ಹಳತಾಗಿರಲಿಲ್ಲ.

ಅವರು ಈ ತಿಂಗಳು ನಿವೃತ್ತರಾಗುವವರಿದ್ದರು. ಅವರು ಯಾರ ಹೆಸರು ಹೇಳುತ್ತಾರೋ ಅವರನ್ನೇ ಆ ಜಾಗಕ್ಕೆ ತೆಗೆದುಕೊಳ್ಳುತ್ತೇನೆಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಭಾಗ್ಯಶ್ರೀ ಫೋನು ಹಚ್ಚಿ, "ಕಾಕಾ, ನಮ್ಮವರು ಮಾತಾಡ್ತಾರಂತ," ಎಂದು ಗಂಡನ ಕೈಗೆ ಕೊಟ್ಟಳು.

"ಎರಡ ಮಾತ ಕೇಳ್ತೀನಿ, ಜಾವಯಿಬಾಪು," ಎಂದರು ಸಾಯಬಣ್ಣ. ಓಣಿಯ ಅಳಿಯನನ್ನು ಮರಾಠಿಯಲ್ಲಿ ಹಾಗೆ ಕರೆದು ಕಾಡುವುದು ಅವರ ರೂಢಿ. "ಲ್ಯಾಡರ್ ಬರ್ತದೇನು?"

"ಲ್ಯಾಡರ್?" ವೈಜನಾಥ ಕುರ್ಚಿಯಲ್ಲಿ ನೆಟ್ಟಗಾದ. "ಒಂಬತ್ತು ವರ್ಷದಿಂದ ಅದ ಮಾಡ್ಲಿಕತ್ತೀನಿ ಕಾಕಾ. ಹಗಲು ವೆಬ್‌ಸೈಟು, ಸಂಜೀಕ ಲ್ಯಾಡರ್."

"ಛಲೋ ಆತು. ಇನ್ನೊಂದು. ಕನ್ನಡ ಓದ್ಲಿಕ್ಕೆ ಬರ್ತದೇನು? ಮಾತಾಡೂದಲ್ಲ, ಓದೂದು. ನಾ ಬರದಿಟ್ಟದ್ದೆಲ್ಲಾ ಕನ್ನಡದಾಗ ಅದ. ಓದ್ಲಿಕ್ಕೆ ಬರದವರಿಗೆ ಆ ಜಾಗ ಕೊಡೂ ಹಂಗಿಲ್ಲ."

"ಕನ್ನಡ ಪೇಪರ್ ಓದದ ಹೊರತು ನಂಗ ಚಹಾ ಗಂಟಲದಾಗ ಇಳಿಯಂಗಿಲ್ಲ."

ಗುರುವಾರ ಕಾರ್ಖಾನೆಗೆ ಬರಲು ಹೇಳಿ ಸಾಯಬಣ್ಣ ಫೋನಿಟ್ಟ ಮೇಲೆ ಭಾಗ್ಯಶ್ರೀ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಯಾವ ಪೇಪರ್ ಅದು?"

"ಅಪ್ಪಾ ಭಾಲ್ಕಿಯಿಂದ ತಂದಿದ್ದ ಕ್ಯಾಲೆಂಡರ್ ಅದ ಅಲ್ಲ."

"ಅದರಾಗಿನ ದೇವರ ಚಿತ್ರ ನೋಡೀರಿ ನೀವು. ಒಂದಕ್ಷರ ಗುರ್ತದೇನು?"

"ನಾಕ್ ದಿನ ಅದ," ಎಂದ ವೈಜನಾಥ.

ಆ ನಾಲ್ಕು ದಿನ ಅವನು ಮೊಬೈಲಿನಲ್ಲಿ ಲ್ಯಾಡರ್ ವಿಡಿಯೋಗಳನ್ನು ನೋಡಿದ. ಎಷ್ಟು ನೋಡಿದನೆಂದರೆ ಫೋನು ಕಾದು, ಅದರ ಮೇಲೆ ಜೋಳದ ರೊಟ್ಟಿ ಬೇಯಿಸಬಹುದಿತ್ತು. ಕನ್ನಡದ ಅಕ್ಷರಗಳಿಗೆ ಸಮಯ ಉಳಿಯಲಿಲ್ಲ. ಅದು ಮನೆಯ ಮಾತು, ಎದುರಿಗೆ ಬಂದಾಗ ತಾನಾಗಿ ತಿಳಿದೀತೆಂದು ಅವನು ತನಗೇ ಒಂದು ಸುಳ್ಳು ಹೇಳಿಕೊಂಡ. ಬೇರೆಯವರಿಗೆ ಹೇಳಿದ್ದಕ್ಕಿಂತ ಅದು ದೊಡ್ಡದಿತ್ತು.

ಗುರುವಾರ ನಸುಕಿನ ಬಸ್ಸು ಹತ್ತಿ, ಯೇವಲಾ ದಾಟಿ, ಶಿಫ್ಟಿನ ಹೊತ್ತಿಗೆ ಚಿಕಲಠಾಣಾ ಮುಟ್ಟಿದ. ಗೇಟಿನಲ್ಲಿ ಮೊಬೈಲ್ ಕಿತ್ತುಕೊಂಡು ಖಾನೆಯಲ್ಲಿಟ್ಟು ಬೀಗ ಹಾಕಿದರು. ಒಳಗೆ ಯಾರಿಗೂ ಮೊಬೈಲ್ ಇಲ್ಲ. ವೈಜನಾಥ ಆ ಬೀಗದ ಕಡೆ ಎರಡು ಸಲ ತಿರುಗಿ ನೋಡಿದ. ತಾನಾಗಿ ತಿಳಿಯದಿದ್ದರೆ ಕನ್ನಡದ ಹಾಳೆಯ ಮೇಲೆ ಮೊಬೈಲ್ ಹಿಡಿದು ಮರಾಠಿಗೆ ತಿರುಗಿಸಿಕೊಳ್ಳುವುದೇ ಅವನ ಉಪಾಯವಾಗಿತ್ತು.

"ಮೂರು ದಿನ ನನ್ನ ಸಂಗಾತ ಇರ್ರಿ," ಎಂದರು ಸಾಯಬಣ್ಣ. ಕುಳ್ಳಗೆ, ಕಬ್ಬಿಣದ ಗುಂಡಿನಂತಿದ್ದರು. ಎದೆಯ ಜೇಬಿನಲ್ಲಿ ಟೆಸ್ಟರ್, ಕಿವಿಯ ಮೇಲೆ ಕೆಂಪು ಪೆನ್ನು. "ಶನಿವಾರ ಸಂಜೀಕ ಐದಕ್ಕ ಸಾಹೇಬರಿಗೆ ಹೆಸರು ಹೇಳಬೇಕು. ಅಲ್ಲಿತನಾ ನಾ ನಿಮ್ಮನ್ನ ನೋಡ್ತೀನಿ, ನೀವು ನನ್ನ ನಿಚ್ಚಣಿಕಿ ನೋಡ್ರಿ."

ತಮ್ಮ ಕೋಣೆಯ ಕಪಾಟಿನಿಂದ ಅವರು ಹಾಳೆಯ ಕಟ್ಟೊಂದನ್ನು ತೆಗೆದರು. ಹಳೆಯ ಪ್ರಿಂಟರಿನ ಉದ್ದ ಕಾಗದ, ಹಳದಿಯಾಗಿ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಬಿಚ್ಚಿಕೊಂಡೇ ಹೋಯಿತು. ಪೂರ್ತಿ ಹಾಸಿದ್ದರೆ ಜಾಲನಾದವರೆಗೆ ಹೋಗಿ ಚಹಾ ಕುಡಿದು ಬರುತ್ತಿತ್ತೇನೋ. ಇನ್ನೂರ ಹನ್ನೆರಡು ಮೆಟ್ಟಿಲು. ಪ್ರತಿ ಮೆಟ್ಟಿಲಿನ ಪಕ್ಕ ನೀಲಿ ಶಾಯಿ, ಕೆಲವೆಡೆ ಕೆಂಪು. ಒತ್ತೊತ್ತಾಗಿ ದುಂಡು ದುಂಡು ಅಕ್ಷರ.

"ಎಂಜಿನಿಯರ್ ಸಾಹೇಬ್ರು ಇಂಗ್ಲಿಷಿನಾಗ ಹೇಳಾವ್ರು, ಎಲೆಕ್ಟ್ರಿಷಿಯನ್ ಮರಾಠಿ ಮಾಡಾವ, ನಾ ಕನ್ನಡದಾಗ ಬರ್ಕೊಂತಿದ್ದೆ," ಎಂದರು ಸಾಯಬಣ್ಣ. "ನಮ್ಮೂರ ಸಾಲ್ಯಾಗ ಏಳನೇ ತರಗತಿ ತನಕಾ ಕಲಿತ ಅಕ್ಷರ. ಆಮೇಲೆ ಯಾವಾಗ ಏನು ಕೆಟ್ತು, ಹ್ಯಾಂಗ ರಿಪೇರಿ ಆತು, ಎಲ್ಲಾ ಇದರಾಗ ಅದ. ಓದ್ರಿ. ಹಾಳಿ ಮಾತ್ರ ಈ ಕೋಣಿ ಬಿಟ್ಟು ಹೊರಗ ಹೋಗಂಗಿಲ್ಲ."

ವೈಜನಾಥ ಓದಿದ. ಅಂದರೆ ಹುಬ್ಬು ಗಂಟಿಕ್ಕಿದ, ಬೆರಳನ್ನು ಸಾಲಿನ ಕೆಳಗೆ ಮೆಲ್ಲಗೆ ಸರಿಸಿದ, ಆಗಾಗ "ಹೂಂ" ಎಂದ, ಒಂದು ಕಡೆ "ಇದು ಭಾರಿ ಬರದೀರಿ ಕಾಕಾ" ಎಂದು ತಲೆದೂಗಿದ. ಬೆನ್ನಿನ ಮೇಲೆ ಬೆವರು ಇರುವೆಯ ಸಾಲಿನಂತೆ ಇಳಿಯುತ್ತಿತ್ತು. ಅವನು ತಲೆದೂಗಿದ ಸಾಲನ್ನು ಸಾಯಬಣ್ಣ ಬಗ್ಗಿ ನೋಡಿದರು. ಅಲ್ಲೇನು ಬರೆದಿತ್ತೋ, ಅವರ ಮುಖ ಅರಳಿತು. "ನೋಡ್ರಿ, ಹಿಡದ್ರಿ," ಎಂದರು. ವೈಜನಾಥನ ಗ್ರಹಗತಿ ಆ ದಿನ ಅಷ್ಟು ಚೆನ್ನಾಗಿತ್ತು.

ಯಂತ್ರವನ್ನು ತೋರಿಸಿದವಳು ಲಕ್ಷ್ಮವ್ವ. ಬಾಟಲಿ ತುಂಬುವ ಸಾಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವಳು. ಅವಳೂ ಆಳಂದದ ಕಡೆಯವಳೇ. ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬಂದು ಹಲ್ಲಿನ ಚಕ್ರವೊಂದರೊಳಗೆ ಕೂರುತ್ತಿದ್ದವು. ಚಕ್ರ ಅವನ್ನು ಸುತ್ತಿಸಿ ಮುಚ್ಚಳ ಒತ್ತುವ ತಲೆಯ ಕೆಳಗೆ ಒಯ್ಯುತ್ತಿತ್ತು. ಪಕ್ಕದಲ್ಲಿ ಮೂರು ಗುಂಡಿ. ಹಸಿರು, ಚಾಲೂ ಮಾಡಲು. ಕಪ್ಪು, ನಿಲ್ಲಿಸಲು. ಇನ್ನೊಂದು ಅಣಬೆಯಂಥ ದೊಡ್ಡ ಕೆಂಪು ಗುಂಡಿ.

"ಕೆಂಪಂದು ಯಾವ ಪ್ರೋಗ್ರಾಮಿನ ಮಾತೂ ಕೇಳಂಗಿಲ್ಲ," ಎಂದಳು ಲಕ್ಷ್ಮವ್ವ. "ಗುದ್ದಿದ್ರ ಕರೆಂಟ ಸೀದಾ ಕಡೀತದ. ಅದು ಜೀವಕ್ಕ ಬಂದಾಗ ಅಷ್ಟ. ದಿನದ ಕೆಲಸಕ್ಕ ಕಪ್ಪಂದು. ದಿನಾ ಐವತ್ತು ಸರ್ತಿ ಒತ್ತತೀನಿ."

ಅವಳ ಸೆರಗಿನ ಗಂಟಿನಲ್ಲಿ ಒಂದು ಕೀಲಿಯಿತ್ತು. ಮೇನ್ ಸ್ವಿಚ್ಚಿನ ಪಕ್ಕದ ಹಲಗೆಯ ಮೇಲೆ ಹಿತ್ತಾಳೆಯ ಬೀಗಗಳು ಜೋತಾಡುತ್ತಿದ್ದವು, ಒಬ್ಬೊಬ್ಬರಿಗೆ ಒಂದೊಂದು. ಯಂತ್ರದೊಳಗೆ ತಲೆ ಹಾಕಿ ಕೆಲಸ ಮಾಡುವವರು ಮೇನ್ ಇಳಿಸಿ ತಮ್ಮ ಬೀಗ ಜಡಿದು, ಕೀಲಿಯನ್ನು ಮೈಮೇಲೆ ಇಟ್ಟುಕೊಂಡೇ ಇಳಿಯಬೇಕು. ಸಾಯಬಣ್ಣ ಮಾಡಿದ ಕಟ್ಟಳೆ. ವೈಜನಾಥನಿಗೂ ಒಂದು ಬೀಗ ಕೊಟ್ಟರು.

"ಒಂದು ಬಾಟ್ಲಿ ಸಿಕ್ಕೊಂಡ್ರೂ ಇಷ್ಟೆಲ್ಲ ಮಾಡ್ತೀರೇನು?" ಎಂದ ವೈಜನಾಥ ನಕ್ಕು.

"ಬಾಟ್ಲಿಗೆ ಇಲ್ರಿ. ಕಪ್ಪು ಒತ್ತಿ, ಗಾಲಿ ನಿಂತದ್ದು ಕಣ್ಣಿಲೆ ನೋಡಿ ತಗೀತೀವಿ." ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಒಂಬತ್ತು ವರ್ಷ ಇದ ಕೆಲಸ ಮಾಡಿದವ್ರಿಗೆ ಬೀಗ ಹೊಸಾದು ಅನಸ್ತದಲ್ಲ."

"ನಮ್ಮಲ್ಲಿ ಬೆರಳಚ್ಚಿನ ಬೀಗ. ಮೈಲಿ ದೂರದಿಂದ ಹಾಕ್ತಿದ್ವಿ," ಎಂದ ವೈಜನಾಥ ಕಣ್ಣು ಮಿಟುಕಿಸದೆ.

ಶುಕ್ರವಾರ ಒಂದು ದಿನ ಹೇಗೋ ಸರಿಯಿತು. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ರೈಲಿನ ಕತೆ ಹೇಳಿದ. ರೈಲು ಈ ಸಲ ಒಂದೇ ನಿಮಿಷ ನಿಂತಿತ್ತು. ಸಾಯಬಣ್ಣ ಚಟ್ನಿಪುಡಿ ಕಲಸುತ್ತ ಕೇಳಿಸಿಕೊಂಡರು. ಸಂಜೆ ಗೇಟಿನಲ್ಲಿ ಮೊಬೈಲು ಕೈಗೆ ಬಂದೊಡನೆ ವೈಜನಾಥ ಹೆಂಡತಿಗೆ ಫೋನು ಮಾಡಿ, "ಜಾಗ ನಂದಾತು ಅಂತ ತಿಳ್ಕೋ. ಇನ್ನೊಂದ ದಿನ," ಎಂದ. ಹೊಸದನ್ನು ಕಲಿಯದೆ ಬಾಳಬಹುದಾದ ಮೂವತ್ತು ವರ್ಷ ಅವನ ಮುಂದೆ ರತ್ನಗಂಬಳಿಯಂತೆ ಹಾಸಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಯಂತ್ರ ನಿಂತಿತು.

ಯಾರೂ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ತಿರುಗುತ್ತಿದ್ದ ಚಕ್ರ ಸುಮ್ಮನೆ ನಿಂತುಬಿಟ್ಟಿತು. ಲಕ್ಷ್ಮವ್ವ ಹಸಿರು ಒತ್ತಿದಳು. ಇಲ್ಲ. ಮತ್ತೆ ಒತ್ತಿದಳು. ಇಲ್ಲ. ಹೊರಗೆ ಲಾರಿ ಕಾಯುತ್ತಿತ್ತು. ಮ್ಯಾನೇಜರ್ ಕೈಯಲ್ಲಿ ಕಾಗದ ಹಿಡಿದು ಓಡಿಬಂದು, ಏನಾಯಿತು, ಲಾರಿ ನಿಂತಿದೆ ಎಂದು ಮರಾಠಿಯಲ್ಲಿ ಕೂಗಿದರು.

"ಸಾಯಬಣ್ಣಾ, ಕಾಯ್ ಝಾಲಂ? ಗಾಡಿ ಉಭೀ ಆಹೇ."

"ನಮ್ಮ ಜಾವಯಿ ನೋಡ್ತಾರ್ರಿ ಸಾಹೇಬ," ಎಂದರು ಸಾಯಬಣ್ಣ. ವೈಜನಾಥನಿಗೆ ಲ್ಯಾಪ್‌ಟಾಪ್ ಕೊಟ್ಟು, ಹಾಳೆಯ ಕಟ್ಟನ್ನು ತಾವೇ ತಂದು ನಾಲ್ಕನೇ ಮೆಟ್ಟಿಲಿನ ಮಡಿಕೆ ಬಿಚ್ಚಿ ಮುಂದಿಟ್ಟರು. ಚಾಲೂ ಮಾಡುವ, ನಿಲ್ಲಿಸುವ ಮೆಟ್ಟಿಲು ಅದೇ. ಪಕ್ಕದಲ್ಲಿ ಕೆಂಪು ಶಾಯಿಯ ನಾಲ್ಕು ಸಾಲು, ಕೆಳಗೆ ಎರಡೆರಡು ಗೆರೆ.

"ಓದಿದ್ರಿ?"

ವೈಜನಾಥ ನಾಲ್ಕು ಸಾಲಿನ ಮೇಲೆ ಕಣ್ಣಾಡಿಸಿದ. ದುಂಡನೆಯ ಅಕ್ಷರಗಳು ಅವನನ್ನು ದುಂಡಗೆ ನೋಡಿದವು.

"ಓದಿದೆ."

"ತಿಳೀತು?"

"ಅಂಗೈ ಮ್ಯಾಲಿನ ನೆಲ್ಲಿಕಾಯಿ."

"ಹಂಗಾರ ಮಾಡ್ರಿ. ನಾ ಲಾರಿಯವನಿಗೆ ಸಮಾಧಾನ ಮಾಡಿ ಬರ್ತೀನಿ," ಎಂದು ಸಾಯಬಣ್ಣ ಮ್ಯಾನೇಜರರ ಜೊತೆ ಹೊರಟರು. ತಿರುಗಿಯೂ ನೋಡಲಿಲ್ಲ. ಅಷ್ಟು ನಂಬಿಕೆ.

ವೈಜನಾಥ ಪರದೆಗೆ ಕಣ್ಣು ನೆಟ್ಟ. ತೆರೆದ ಬಾಗಿಲುಗಳು ಹಸಿರಾಗಿ ಕಾಣುತ್ತಿದ್ದವು. ಮೆಟ್ಟಿಲಿನ ಮೊದಲ ಬಾಗಿಲು ಕಪ್ಪು ಗುಂಡಿಯದು. ಅದು ಮುಚ್ಚಿತ್ತು. ಯಾರೂ ಒತ್ತಿಲ್ಲ, ಆದರೂ ಮುಚ್ಚಿದೆ. ಪ್ರೋಗ್ರಾಮ್ ಹೇಳುತ್ತಿದ್ದುದಿಷ್ಟು: ಗುಂಡಿಯಿಂದ ಕರೆಂಟು ಬರುತ್ತಿದ್ದರೆ ಬಾಗಿಲು ತೆರೆ, ಬರದಿದ್ದರೆ ಮುಚ್ಚು. ವೈಜನಾಥನಿಗೆ ಮಿಂಚು ಹೊಡೆಯಿತು. ಇದು ತಿರುಗುಮುರುಗು. ಗುಂಡಿ ಒತ್ತಿದಾಗ ತಾನೇ ಕರೆಂಟಿನ ಸುದ್ದಿ ಬರಬೇಕು? ಸುದ್ದಿ ಬಂದಾಗ ತಾನೇ ನಿಲ್ಲಬೇಕು?

ಇಪ್ಪತ್ತೆಂಟು ವರ್ಷ ನಡೆದ ಯಂತ್ರ ತಪ್ಪು ಬರಹದ ಮೇಲೆ ನಡೆದೀತೇ ಎಂಬ ಸಂಶಯವೂ ಒಮ್ಮೆ ಇಣುಕಿತು. ಅವನು ಬಂದ ಲೋಕದಲ್ಲಿ ಆ ಪ್ರಶ್ನೆಗೆ ಉತ್ತರ ಸಿದ್ಧವಿತ್ತು: ನಡೆಯುತ್ತದೆ, ಧಾರಾಳವಾಗಿ ನಡೆಯುತ್ತದೆ.

ಆ ಬಾಗಿಲೊಂದನ್ನು ತಿರುವಿ ಬರೆದು ಯಂತ್ರಕ್ಕೆ ಕಳಿಸಿದ. ಬಾಗಿಲು ಹಸಿರಾಯಿತು.

"ಒತ್ರಿ ಲಕ್ಷ್ಮವ್ವಾ."

ಅವಳು ಹಸಿರು ಒತ್ತಿದಳು. ಚಕ್ರ ಗಡಗಡನೆ ತಿರುಗಿತು.

ಆಗ ಎದ್ದ ಚಪ್ಪಾಳೆಗೆ ಪಕ್ಕದ ನಿಲ್ದಾಣದಲ್ಲಿ ಇಳಿಯಬೇಕಿದ್ದ ವಿಮಾನ ಬೆದರಿ ಮತ್ತೊಂದು ಸುತ್ತು ಹೊಡೆಯಿತು. ಪ್ಯಾಕಿಂಗಿನ ಹೆಂಗಸರು ಹತ್ತಿಪ್ಪತ್ತು ಮಂದಿ ಕೈ ತಟ್ಟಿದರು. ವೈಜನಾಥ ಟೈಯಿಲ್ಲದ ಕೊರಳಿನಲ್ಲಿ ಟೈ ಸರಿಪಡಿಸಿಕೊಂಡ.

"ಎಷ್ಟು ಹೊತ್ತು ಹಿಡೀತ್ರಿ?" ಎಂದಳು ಒಬ್ಬಳು.

"ಹೊತ್ತು ಹಿಡದದ್ದು ಲ್ಯಾಪ್‌ಟಾಪ್ ತಗೀಲಿಕ್ಕೆ," ಎಂದ ವೈಜನಾಥ.

ಐದು ನಿಮಿಷ ಕಳೆಯಿತು. ಬೆಲ್ಟಿನ ಮೇಲೆ ಒಂದು ಬಾಟಲಿ ವಾಲಿತು, ಅಡ್ಡ ಬಿತ್ತು, ಚಕ್ರದ ಹಲ್ಲಿಗೆ ಸಿಕ್ಕಿಕೊಂಡಿತು. ದಿನಕ್ಕೆ ಐವತ್ತು ಸಲ ಆಗುವ ಸಂಗತಿ. ಲಕ್ಷ್ಮವ್ವನ ಎಡಗೈ ಕಪ್ಪು ಗುಂಡಿಯನ್ನು ಒತ್ತಿತು. ಬಲಗೈ ಬಾಟಲಿಯ ಕಡೆ ಹೊರಟಿತು. ಹತ್ತೊಂಬತ್ತು ವರ್ಷದ ರೂಢಿ, ಎರಡು ಕೈಗೂ ಒಂದೇ ಉಸಿರು.

ಚಕ್ರ ನಿಲ್ಲಲಿಲ್ಲ.

ಅವಳು ಮತ್ತೆ ಒತ್ತಿದಳು. ನಿಲ್ಲಲಿಲ್ಲ. ಬಾಟಲಿ ಚಿಟ್ಟನೆ ಒಡೆಯಿತು. ಹಿಂದಿನದು ಅದರ ಮೇಲೇರಿತು, ಅದರ ಹಿಂದಿನದು ಇದರ ಮೇಲೆ. ಗಾಜು ಸಿಡಿಯಿತು. ವೈಜನಾಥ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ. ಕಲಿತು ಬಿಟ್ಟ ನಾಲ್ಕು ಭಾಷೆಗಳಲ್ಲಿ ಒಂದರಲ್ಲಿಯೂ 'ನಿಲ್ಲು' ಎಂಬುದಕ್ಕೆ ಮಾತು ನೆನಪಾಗಲಿಲ್ಲ. ಅವನು ಸುಮ್ಮನೆ ಅವಳ ಬಲಗೈಯನ್ನೇ ನೋಡುತ್ತಿದ್ದ.

ಧಪ್ಪನೆ ಸದ್ದಾಯಿತು. ಲಕ್ಷ್ಮವ್ವ ಕೆಂಪು ಗುಂಡಿಯನ್ನು ಗುದ್ದಿದ್ದಳು.

ಯಂತ್ರ ನಿಂತಿತು. ಔಷಧ ಹನಿಹನಿಯಾಗಿ ನೆಲಕ್ಕೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅವಳು ಮೇನ್ ಸ್ವಿಚ್ಚಿನ ಬಳಿ ಹೋಗಿ, ಇಳಿಸಿ, ತನ್ನ ಬೀಗ ಜಡಿದು, ಕೀಲಿಯನ್ನು ಸೆರಗಿನ ಗಂಟಿಗೆ ಸೇರಿಸಿದಳು. ಆಮೇಲೆ ಬಲಗೈ ಎತ್ತಿ ನೋಡಿಕೊಂಡಳು. ಕೈಗವಸಿನ ನಡುಬೆರಳಿನ ತುದಿ ಇರಲಿಲ್ಲ. ಕೈಗವಸು ಕಿತ್ತು ಬೆರಳು ಎಣಿಸಿದಳು. ಐದಿದ್ದವು. ಉಗುರಿನ ಮೇಲೆ ಒಂದು ಗೀರು, ಅಷ್ಟೇ.

ಸಾಯಬಣ್ಣ ಬಾಗಿಲಲ್ಲಿ ನಿಂತಿದ್ದರು. ನೆಲದ ಗಾಜು ನೋಡಿದರು, ಕೈಗವಸು ನೋಡಿದರು, ಕಪ್ಪು ಗುಂಡಿ ನೋಡಿದರು. ಸೀದಾ ಬಂದು ಗುಂಡಿಯ ಡಬ್ಬಿಯ ಮುಚ್ಚಳ ಬಿಚ್ಚಿದರು. ಒಳಗೆ ತಂತಿಯೊಂದು ತಿರುಪಿನಿಂದ ಕಳಚಿ ಜೋತಾಡುತ್ತಿತ್ತು.

"ನಾಲ್ಕನೇ ಮೆಟ್ಟಿಲ ತಿರುವಿದ್ರೇನು?"

"ಅದು ಉಲ್ಟಾ ಇತ್ತು, ಕಾಕಾ."

"ಉಲ್ಟಾ ಇರಲಿಲ್ರಿ. ಈ ಗುಂಡ್ಯಾಗ ಯಾವಾಗ್ಲೂ ಕರೆಂಟ್ ಹರೀತಿರ್ತದ. ಒತ್ತಿದ್ರ ಕಡೀತದ. ತಂತಿ ಕಳಚಿದ್ರೂ ಕಡೀತದ, ಇಲಿ ತಿಂದ್ರೂ ಕಡೀತದ. ಕಡದ್ರ ಮಷಿನ್ ನಿಲ್ಲಬೇಕು. ನಿಂತಿತ್ತು. ನೀವು ತಂತಿ ಕಡದಾಗ ಓಡೂ ಹಂಗ ಮಾಡಿದ್ರಿ." ಅವರ ದನಿ ಏರಿರಲಿಲ್ಲ. ಅದರಿಂದಲೇ ಭಯವಾಗುತ್ತಿತ್ತು. "ಕೆಂಪು ಶಾಯಿಲೆ ಬರದಿದ್ದೆ. ಓದಿದೆ ಅಂದ್ರಿ."

"ಓದಿದ್ದೆ. ಶಾಯಿ ಮಾಸ್ಯದ ಕಾಕಾ. ಎರಡು ಅಕ್ಷರ ಸರಿ ಕಾಣಲಿಲ್ಲ."

"ಹೌದಾ?" ಸಾಯಬಣ್ಣ ಹಾಳೆಯನ್ನು ಎತ್ತಿ ಲಕ್ಷ್ಮವ್ವನ ಕೈಗೆ ಕೊಟ್ಟರು. "ನೀ ಓದಬೇ."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಹಾಳೆಯನ್ನು ತೋಳಿನಷ್ಟು ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಯಾರೂ ಒತ್ತದೆ ಮಷಿನ್ ನಿಂತರೆ... ಈ ಮೆಟ್ಟಿಲು ಮುಟ್ಟಬೇಡ. ಬರೆದದ್ದು ಸರಿ ಅದ. ಗುಂಡಿಯ ಡಬ್ಬಿ ಬಿಚ್ಚು... ತಂತಿ ನೋಡು. ಇದನ್ನು ತಿರುವಿದರೆ... ಯಾರದೋ ಕೈ ಹೋಗ್ತದ."

ಒಂದಕ್ಷರವೂ ಮಾಸಿರಲಿಲ್ಲ.

ವೈಜನಾಥನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅದರೊಳಗೆ ಏನಾದರೊಂದು ಯಾವಾಗಲೂ ಸಿದ್ಧವಿರುತ್ತಿತ್ತು. ಈಗ ನೋಡಿದರೆ ಖಾಲಿ. ಲಕ್ಷ್ಮವ್ವನ ಉಗುರಿನ ಮೇಲಿನ ಗೀರಿನಲ್ಲಿ ರಕ್ತ ಒಂದು ಸಾಸಿವೆಕಾಳಿನಷ್ಟು ಕೂಡಿಕೊಂಡಿತ್ತು.

"ನಂಗ ಕನ್ನಡ ಓದ್ಲಿಕ್ಕೆ ಬರಂಗಿಲ್ಲ," ಎಂದ ಅವನು.

ಲಕ್ಷ್ಮವ್ವ ಹಾಳೆಯನ್ನು ಮಡಿಕೆಯಂತೆ ಮಡಚಿದಳು.

"ಒಂದಕ್ಷರಾನೂ ಬರಂಗಿಲ್ಲ. ಮನ್ಯಾಗ ಮಾತಾಡ್ತೀವಿ, ಅಷ್ಟ. ಲ್ಯಾಡರ್ ಸುದ್ದಾ ಸುಳ್ಳ. ಒಂಬತ್ತು ವರ್ಷ ಅಲ್ಲ, ನಾಕ್ ದಿನ. ಮೊಬೈಲಿನಾಗ."

"ಲ್ಯಾಡರ್ ಸುಳ್ಳಂತ ಗುರುವಾರನ ಗೊತ್ತಿತ್ತು," ಎಂದರು ಸಾಯಬಣ್ಣ. ಒಡೆದ ಬಾಟಲಿಯ ಕತ್ತನ್ನು ಕಾಲಿನಿಂದ ಗೋಡೆಗೆ ಸರಿಸಿದರು. "ಒಂಬತ್ತು ವರ್ಷ ಮಾಡಿದವ ಬೀಗ ನೋಡಿ ನಗಂಗಿಲ್ಲ. ಅದಕ್ಕೇನು, ಲ್ಯಾಡರ್ ಕಲಸಬಹುದು, ನನಗೂ ಕಲಸಿದ್ರು. ಖರೆ, ಓದಿದೆ ಅಂದ್ರಲ್ಲ, ಅದನ್ನ ನಂಬಿದ್ದೆ. ನಂಬಿ ಹೊರಗ ಹೋಗಿದ್ದೆ."

ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆಯಲು ಬಂದಿತ್ತು. ಮ್ಯಾನೇಜರ್ ಬಾಗಿಲಿನಿಂದ ಇಣುಕಿ, ಗಾಜು ನೋಡಿ, ಸಾಯಬಣ್ಣನ ಮುಖ ನೋಡಿ, ಲಾರಿಯ ಕಡೆ ತಿರುಗಿ ಹೋದರು. ಸಾಯಬಣ್ಣ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದರು. ಮರಾಠಿಯಲ್ಲಿ ಒಂದೇ ಹೆಸರಿತ್ತು. ವೈಜನಾಥ ಓದಬಲ್ಲ ಅಕ್ಷರ, ಅವನದೇ ಹೆಸರು.

"ಮುಂಜಾನೇನ ಬರಕೊಂಡಿದ್ದೆ," ಎಂದರು. ಚೀಟಿಯನ್ನು ಕೊಡಲಿಲ್ಲ, ಹರಿಯಲೂ ಇಲ್ಲ. ಜೋತಾಡುತ್ತಿದ್ದ ತಂತಿಯನ್ನು ತಿರುಪಿಗೆ ಸೇರಿಸಿ ಬಿಗಿದರು. ಲ್ಯಾಪ್‌ಟಾಪ್ ತಿರುಗಿಸಿಕೊಂಡು ನಾಲ್ಕನೇ ಮೆಟ್ಟಿಲನ್ನು ಮೊದಲಿನಂತೆ ಬರೆದರು. ಆಮೇಲೆ ಮುಖ ಎತ್ತಿದರು. "ಐದಕ್ಕ ಸಾಹೇಬ್ರು ಕೇಳ್ತಾರ. ಇನ್ನೆರಡು ತಿಂಗ್ಳು ಇರ್ತೀನಿ ಅಂತ ಹೇಳಿ ನೋಡಬಹುದು, ಅವರು ಒಪ್ಪಿದ್ರ. ಎರಡು ತಿಂಗಳಾಗ ಈ ಹಾಳಿ ಓದ್ಲಿಕ್ಕೆ ಕಲೀತೀರೇನು?"

ಎರಡು ದಿನ ಸಾಕು ಎಂಬ ಮಾತು ವೈಜನಾಥನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಎರಡು ನಿಮಿಷ ಎಂಬುದೂ ಅದರ ಬೆನ್ನ ಹಿಂದೆ ನಿಂತಿತ್ತು. ಲಕ್ಷ್ಮವ್ವ ಗೀರಿನ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಸಾಲಂಗಿಲ್ಲ, ಕಾಕಾ," ಎಂದ ಅವನು. "ನಂಗ ಕಲೀಲಿಕ್ಕೆ ಭಾಳ ಹೊತ್ತು ಹಿಡೀತದ. ಆ ರೈಲಿನ ಭಾಷಾ ಹೇಳಿದ್ನಲ್ಲ... ಅದಕ್ಕ ಹದಿನಾಲ್ಕು ತಿಂಗ್ಳು ಹಿಡದಿತ್ತು. ದಿನಾ ರೈಲಿನಾಗ ಕುಂತು ಕಲ್ತಿದ್ದೆ. ಕಲ್ತು ಮುಗಿಸಿದ ವಾರಾನ ಕಂಪನಿ ಅದನ್ನ ಬಿಟ್ಟು ಬ್ಯಾರೇದು ತಂತು."

"ವಡಾಪಾವ್?" ಎಂದಳು ಲಕ್ಷ್ಮವ್ವ.

"ಅದು ತಿಂದಿದ್ದು ಖರೇ," ಎಂದ ವೈಜನಾಥ. "ರೈಲು ತಪ್ಪಿತ್ತು."